ನೌಬಾದಿನ ಬಾವಿಯಲ್ಲಿ ಒಂದು ಬೇವಿನೆಲೆ

ಸೋಮವಾರ ಮೊದಲ ಪೀರಿಯಡ್ಡಿನಲ್ಲೇ ಸಿಕ್ಕಿಬಿದ್ದೆ.
ಎರಡು ಚುಕ್ಕಿ ಇಟ್ಟು ಗೆರೆ ಎಳೆದು
ಒಂದನ್ನು ಇನ್ನೊಂದರ ಹತ್ತಿರ ತರುತ್ತಿದ್ದೆ,
ಹತ್ತಿರ, ಇನ್ನೂ ಹತ್ತಿರ,
ಚಾಕ್‌ಪೀಸೇ ದಪ್ಪ ಅನಿಸುವಷ್ಟು.
ಔರಾದಿನ ಮೆಹಜಬೀನ್ ಎದ್ದು ನಿಂತಳು:
"ಸರ್, ಕಡೀಕ ಒಂದೇ ಚುಕ್ಕಿ ಉಳೀತದಲ್ಲ,
ಒಂದೇ ಚುಕ್ಕಿಗಿ ಇಳಿಜಾರ ಹ್ಯಾಂಗ ಇರ್ತದ್ರಿ?"

ಉತ್ತರ ನನ್ನ ನೋಟ್ಸಿನಲ್ಲಿತ್ತು.
ನೋಟ್ಸಿನಲ್ಲಿ ಮಾತ್ರ ಇತ್ತು.
ಇದೇ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು,
ಮೂರನೇ ಸಲ ಪಾಸಾದದ್ದು ಸೂತ್ರ ಉರು ಹೊಡೆದು.
ಅವರಿಗೆ ಇದು ಗೊತ್ತಿಲ್ಲ. ಬೋರ್ಡು ಒರೆಸಿದೆ.

ಭಾನುವಾರ ಹನ್ನೊಂದು ಮಂದಿಯನ್ನು ಕರಕೊಂಡು
ನೌಬಾದಿಗೆ ಹೋದೆ, ಸುರಂಗ ಬಾವಿಗೆ.
ಕೆಂಪು ಜಂಬಿಟ್ಟಿಗೆ ಕೊರೆದ ಬಾವಿಗಳು, ಒಂದರ ಹಿಂದೊಂದು,
ತಳದಲ್ಲಿ ಎಲ್ಲಕ್ಕೂ ಒಂದೇ ನೀರು.
ಬೋರಲು ಮಲಗಿ ಬಗ್ಗಿ ನೋಡಿದೆವು.
ಆಳದಲ್ಲಿ ತಟ್ಟೆಯಗಲದ ಕಪ್ಪು,
ಅದರೊಳಗೆ ನಮ್ಮ ತಲೆಗಳು, ಒಂದು ಚೂರು ಆಕಾಶ.
ಅಲುಗಾಟವಿಲ್ಲ.
ಮೆಹಜಬೀನ್ ಒಂದು ಬೇವಿನೆಲೆ ಬಿಟ್ಟಳು.
ಸುತ್ತುತ್ತ ಸುತ್ತುತ್ತ ಇಳಿದು, ನೀರಿಗೆ ಕೂತು,
ಒಂದು ಉಸಿರು ಸುಮ್ಮನಿದ್ದು
ನಿಧಾನ, ಬಲಗಡೆಯ ಗೋಡೆಯಡಿಗೆ ಹೋಗಿಬಿಟ್ಟಿತು.

ನಾನು ಏನೂ ಹೇಳಲಿಲ್ಲ.
ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಕಾಣದು;
ಆದರೂ ಇಲ್ಲೇ, ಈ ಒಂದೇ ತಾವಿನಲ್ಲಿ
ಅದಕ್ಕೊಂದು ದಿಕ್ಕಿತ್ತು.
"ಹೊಂಟದ ಸರ್," ಅಂದಳು. "ನಿಂತಂಗ ಕಾಣ್ತದ, ಹೊಂಟದ."

ಕಡಿದಾಗಿ ಇಳಿಸಿದ್ದರೆ ನೀರು ತನ್ನ ಗೋಡೆಯನ್ನೇ ತಿನ್ನುತ್ತಿತ್ತು,
ಮಟ್ಟಸ ಮಾಡಿದ್ದರೆ ಹೂಳಿನ ಮೇಲೆ ಮಲಗುತ್ತಿತ್ತು.
ಕತ್ತಲಲ್ಲಿ, ಎಣ್ಣೆದೀಪದ ಬೆಳಕಿಗೆ,
ಇಷ್ಟು ಸಣ್ಣ ಇಳಿಜಾರನ್ನು ಯಾರು ಹಿಡಿದರೋ.
ಅವರ ಬಳಿ ಡೆಲ್ಟಾ ಎಕ್ಸ್ ಇರಲಿಲ್ಲ. ಇಲ್ಲ, ಇತ್ತು,
ಹೆಬ್ಬೆರಳಿನ ಉಗುರಿನಷ್ಟು.

ಬಾವಿ ಎಣಿಸುತ್ತ ಮುಂದೆ ಹೋಗಿದ್ದ ವೈಜಿನಾಥ
ಹೊಸ ಲೇಔಟಿನ ಬಳಿ ನಿಂತು ಕೂಗಿದ:
"ಇಲ್ಲೊಂದ್ ಇರಬೇಕಿತ್ರಿ, ಇಲ್ಲ!"
ಮುಚ್ಚಿ ಸೈಟು ಮಾಡಿದ್ದಾರೆ. ಕಲ್ಲಿನ ಮೇಲೆ ಫೋನ್ ನಂಬರು.
ಈ ಬಿಂದುವಿನಲ್ಲಿ ಫಲನಕ್ಕೆ ಬೆಲೆಯಿಲ್ಲ ಅಂತ
ಹಿಂದಿನಿಂದ ಯಾರೋ ಅಂದರು. ನಕ್ಕೆವು.
ನಗು ಅರ್ಧಕ್ಕೇ ನಿಂತಿತು.

ಮರಳುವಾಗ ಟಂಟಂನಲ್ಲಿ ಒತ್ತಿ ಕೂತು
ಮುಂದಿನ ವಾರದ ಅನುಕಲನ ನೆನೆದೆ.
ಪ್ರತಿ ಬಾವಿಯಲ್ಲೂ ಎಲೆ ಬಿಟ್ಟು
ಪ್ರತಿ ಇಳಿಜಾರನ್ನೂ ಬರೆದು ಕೂಡಿಸಿದರೂ
ನೀರು ಯಾವ ಎತ್ತರದಿಂದ ಹೊರಟಿತೆಂದು ಲೆಕ್ಕ ಹೇಳುವುದಿಲ್ಲ.
ಅದನ್ನು ನೋಡಿದವರು ಯಾರಾದರೂ ಬಂದು ಹೇಳಬೇಕು.
ಅದಕ್ಕೇ ಉತ್ತರದ ಕೊನೆಗೆ ಒಂದು ಕೂಡು ಗುರುತು, ಒಂದು ಸಿ,
ಬರೆಯದಿದ್ದರೆ ಮಾರ್ಕು ಕಟ್.
ನಾನು ಎರಡು ಸಲವೂ ಬರೆದಿರಲಿಲ್ಲ.

ಮೈಲೂರು ಕ್ರಾಸಿನಲ್ಲಿ ಮೆಹಜಬೀನ್ ಇಳಿದಳು.
ಅಂಗೈಯಲ್ಲಿ ಇನ್ನೊಂದು ಎಲೆ, ಬಿಡದೆ ಉಳಿದದ್ದು.
"ಅದು ಈಗ ಎಲ್ಲಿ ಮುಟ್ಟಿರಬೇಕ್ರಿ, ಸರ್?"