ಹಾಸಿಗೆ ಬಟ್ಟೆ

ಅಪ್ಪನ ಹಾಸಿಗೆ ಬಟ್ಟೆ ದಿನಕ್ಕೆರಡು ಸಲ ಒಗೆಯುತ್ತೇನೆ.
ಪೀಕು ದ್ವೀಪದಲ್ಲಿ ಒಣಹಾಕಲು ಜಾಗಕ್ಕೇನು ಬರ,
ಎಲ್ಲಿ ನೋಡಿದರೂ ಕರಿಗಲ್ಲಿನ ಮೋಟುಗೋಡೆ,
ಗೋಡೆಯೊಳಗೆ ಒಂದೋ ಎರಡೋ ದ್ರಾಕ್ಷಿಬಳ್ಳಿ
ಕಡಲಗಾಳಿಗೆ ಬೆನ್ನು ಕೊಟ್ಟು ಕೂತಿವೆ.

ಅಪ್ಪ ಕಿಟಕಿಯಲ್ಲಿ. ಕೊರಳಿಗೆ ದುರ್ಬೀನು,
ಅದರ ಒಂದು ಗಾಜು ಒಡೆದು ಎಷ್ಟೋ ವರ್ಷವಾಯಿತು.
ಮೂವತ್ತೊಂದು ವರ್ಷ ಗುಡ್ಡದ ಕಾವಲುಗೂಡಿನಲ್ಲಿ ಕೂತು
ತಿಮಿಂಗಿಲದ ಉಸಿರು ಕಂಡೊಡನೆ ಬಿರುಸು ಹಾರಿಸಿದವನು;
ಕೆಳಗೆ ಊರಿಗೆ ಊರೇ ತಟ್ಟೆ ಬಿಟ್ಟು ದೋಣಿಗೆ ಓಡುತ್ತಿತ್ತಂತೆ.
ಈಗ ಅವನಿಗೆ ಗುರುತು ಸಿಗುವುದು ಸಮುದ್ರವೊಂದೇ.
ನಾನು ಒಮ್ಮೆ ದಾದಿ, ಒಮ್ಮೆ ಪಾದ್ರಿ, ಒಮ್ಮೆ ಕಳ್ಳ.
ನಿನ್ನೆ ಮಧ್ಯಾಹ್ನ ಒಳ್ಳೆಯ ಕಳ್ಳನಾಗಿದ್ದೆ,
ಸೂಪು ಕೊಟ್ಟೆ, ಕುಡಿದ.

ಔರೇಲಿಯು ಇರುವುದು ಎದುರಿನ ದ್ವೀಪದಲ್ಲಿ,
ಫೆರ್ರಿಯಲ್ಲಿ ಅರ್ಧ ಗಂಟೆ. ಅವನ ಓಣಿಯ ದೀಪಗಳನ್ನು
ನಮ್ಮ ಅಡುಗೆಮನೆಯಿಂದ ಎಣಿಸಬಹುದು.
ಎರಡು ವರ್ಷ ಹತ್ತು ತಿಂಗಳು ಅಣ್ಣ ಬರಲಿಲ್ಲ, ನಾನು ಕರೆಯಲಿಲ್ಲ.
ಕಾರಣ, ಪಕ್ಕದ ತುಂಡು ತೋಟ. ಮಾರಿದ್ದು ನಾನು.
ದುಡ್ಡು ಅಪ್ಪನ ಸೊಂಟದ ಮೂಳೆಗೆ ಹೋಯಿತೆಂದು
ರಸೀದಿ ತೋರಿಸಬಹುದಿತ್ತು. ತೋರಿಸಲಿಲ್ಲ.
ಕೇಳಿದ ರೀತಿ ಹಾಗಿತ್ತು.
ಹುಟ್ಟುತ್ತ ಅಣ್ಣತಮ್ಮ, ಬೆಳೆಯುತ್ತ ದಾಯಾದಿ:
ಅಮ್ಮ ಇದ್ದಿದ್ದರೆ ಈ ಮಾತಿಗೆ ಬಾಯಿಮೇಲೆ ಹೊಡೆಯುತ್ತಿದ್ದಳು.

ಮೊನ್ನೆ ಗುರುವಾರ ಬಂದ. ಕೈಯಲ್ಲಿ ವೃದ್ಧಾಶ್ರಮದ ಅರ್ಜಿ,
ಅವನ ಸಹಿ ಆಗಲೇ ಬಿದ್ದಿತ್ತು.
"ಸೊರಗಿದ್ದೀಯ" ಅಂದ.
"ನಿನಗೆ ಹೊಟ್ಟೆ ಬಂದಿದೆ" ಅಂದೆ.
ಅಷ್ಟಕ್ಕೇ ಮಾತು ಮುಗಿದು
ಇಬ್ಬರೂ ಕೆಟಲು ಕುದಿಯುವುದನ್ನು ಕೇಳುತ್ತ ನಿಂತೆವು.

ಅಪ್ಪ ತಿರುಗಿದ. ದುರ್ಬೀನು ಇಳಿಸಿದ.
"ಲುದ್ಜೇರು," ಅಂದ ಅಣ್ಣನಿಗೆ, "ಪೂರಾ ನೆನೆದಿದ್ದೀಯಲ್ಲೋ."

ಲುದ್ಜೇರು ಚಿಕ್ಕಪ್ಪ ಸತ್ತು ಇಪ್ಪತ್ತು ವರ್ಷ.
ದೋಣಿಯ ಮೂತಿಯಲ್ಲಿ ಈಟಿ ಹಿಡಿದು ನಿಲ್ಲುತ್ತಿದ್ದವನು.
ಗುಡ್ಡದ ಇಳಿಜಾರಲ್ಲಿ ಹಾಸಿದ ಬಿಳಿ ಬಟ್ಟೆ ನೋಡಿ
ದೋಣಿಗಳು ದಿಕ್ಕು ಹಿಡಿಯುತ್ತಿದ್ದ ಕಾಲ.
ಒಂದೇ ಬೀದಿಯ ಅಣ್ಣತಮ್ಮ ಬೇರೆಬೇರೆ ಹೊತ್ತಿನ ಪೂಜೆಗೆ ಹೋಗುತ್ತಿದ್ದರು,
ಯಾಕೆಂದು ನಮಗೆ ಯಾರೂ ಹೇಳಿರಲಿಲ್ಲ.

"ಆ ದಿನ ಮೀನು ಇದ್ದದ್ದು ಎಡಕ್ಕೆ. ನಾನು ನೋಡಿದ್ದೆ.
ಬಟ್ಟೆ ಬಲಕ್ಕೆ ಹಾಸಿದೆ. ಬೇಕಂತಲೇ.
ಕತ್ತಲಾಗುವ ತನಕ ನೀವು ಬರೀ ನೀರಿಗೆ ಹುಟ್ಟು ಹಾಕಿದಿರಿ.
ನಾನು ಮೇಲೆ ಕೂತು ನೋಡುತ್ತ ಬ್ರೆಡ್ಡು ತಿಂದೆ."

ಅಣ್ಣ ನನ್ನ ಮುಖ ನೋಡಿದ. ನಾನು ಕೆಟಲನ್ನು ನೋಡಿದೆ.
ಆಮೇಲೆ ತನ್ನದಲ್ಲದ ಒಂದು ದಪ್ಪ ದನಿಯಲ್ಲಿ
"ಗೊತ್ತಿತ್ತು ಬಿಡೋ ಜೆಫೆರೀನು," ಅಂದ,
"ಅವತ್ತು ನನಗೂ ರಟ್ಟೆ ನೋಯುತ್ತಿತ್ತು."

ಅಪ್ಪ ಆ ಮಾತನ್ನು ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಅಗಿದ.
"ಸುಳ್ಳ" ಅಂದು ನಕ್ಕು ಕಿಟಕಿಗೆ ಮರಳಿದ.
ಕುರ್ಚಿಯ ಕೆಳಗೆ ಸಣ್ಣದೊಂದು ಹೊಳೆ ಹೊರಟಿತು.

ಬಕೆಟ್ಟು ಎಲ್ಲಿರುತ್ತದೆಂದು ಅಣ್ಣನಿಗೆ ನೆನಪಿತ್ತು.
ಒದ್ದೆ ಬಟ್ಟೆಯ ಎರಡು ತುದಿ ಹಿಡಿದು ಹಿಂಡಲು ಹೋದರೆ
ಅವನು ತಿರುವಿದ ಕಡೆಗೇ ನಾನೂ ತಿರುವಿ
ಒಂದು ಹನಿಯೂ ಇಳಿಯಲಿಲ್ಲ.
"ಆ ಕಡೆಗೋ" ಅಂದ. "ನೀನೇ ಆ ಕಡೆಗೆ" ಅಂದೆ.

ಗೋಡೆಗೆ ಹರಡಿ, ಹಾರದಂತೆ ಕಲ್ಲಿಡುತ್ತಿದ್ದಾಗ
ಕಿಟಕಿಯಿಂದ ಕೂಗು: ಎಡಕ್ಕೆ! ಎಡಕ್ಕೋ!
ಕಲ್ಲೆತ್ತಿ ಎಡಕ್ಕೆ ಸರಿಸಿದೆವು.
ಇನ್ನೂ, ಅಂದ.
ಅಲ್ಲಿಂದಾಚೆ ನಾನು ಮಾರಿದ ತೋಟ.
ಅಣ್ಣ ಕೊಂಚ ನಿಂತ. ಆಮೇಲೆ ತುದಿ ಬಿಡದೆ
ಗೋಡೆ ಹತ್ತಿ ದಾಟಿದ.

ಅಷ್ಟರಲ್ಲಿ ಅವನ ಫೆರ್ರಿ ಹೊರಟುಹೋಯಿತು.
ಅರ್ಜಿ ಮೇಜಿನ ಮೇಲೇ ಇದೆ.
ಗಾಳಿಗೆ ಹಾರದಿರಲೆಂದು ಸಕ್ಕರೆ ಡಬ್ಬಿ ಇಟ್ಟಿದ್ದೇನೆ.