ರಟ್ಟಿನ ಮರೆ

ಅಂಧೇರಿಯ ಆಫೀಸಿನಲ್ಲಿ ಎ.ಸಿ. ಜೋರು.
ಹದಿನೆಂಟು ಪುಟದ ಕರಾರು, ಹದಿಮೂರನೆಯ ಕಲಮು:
ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ, ಕೊನೆಯನ್ನು ತಿರುಗಿಸುವ
ಹಕ್ಕೆಲ್ಲ ಕಂಪನಿಗೆ, ಶಾಶ್ವತವಾಗಿ,
‘ಸಮಸ್ತ ವಿಶ್ವದಲ್ಲಿ’ ಅಂತ ಬೇರೆ ಬರೆದಿದ್ದಾರೆ.
ಚಂದ್ರನ ಮೇಲೂ ನನಗೆ ಜಾಗವಿಲ್ಲ.

ನಿಹಾರ್ ಒಳ್ಳೆಯ ಹುಡುಗನೇ, ನಿರ್ಮಾಪಕರ ಕಡೆಯವನು.
“ಮೇಡಂ, ಒಂದೇ ಒಂದು ಬದಲಾವಣೆ.
ಆಕೆ ಯಾರಿಗೆ ಓಟು ಹಾಕಿದಳು, ಅದು ಕಾಣಬೇಕು.
ಕ್ಯಾಮೆರಾ ಮೇಲಿನಿಂದ ಇಳಿಯುತ್ತೆ. ಬೆರಳು, ಗುಂಡಿ, ಕಟ್.
ಇಲ್ಲದಿದ್ದರೆ ನೋಡುವವರು ಉಗಿಯುತ್ತಾರೆ.”

ನನಗೇ ಗೊತ್ತಿಲ್ಲವಲ್ಲ ಮಾರಾಯಾ, ಅಂದೆ.
ಅವನು ನಕ್ಕ. ಬರೆದವರು ನೀವೇ ತಾನೆ?

*

ಕಾಳಾಚೌಕಿ, ಮೂರನೇ ಮಾಳಿಗೆ, ಹತ್ತು ಹನ್ನೆರಡರ ಖೋಲಿ.
ಚುನಾವಣೆಯ ಹಿಂದಿನ ರಾತ್ರಿ ಬಂಗುಡೆ ಸಾರಿನ ಬಟ್ಟಲು ಸರಿಸಿ
ಅಪ್ಪ ಚಿಹ್ನೆ ಹೇಳುತ್ತಿದ್ದ, ಒಂದೇ ಸಲ,
ಧಕ್ಕೆಯಲ್ಲಿ ಮೀನಿನ ಕೊನೆಯ ಬೆಲೆ ಕೂಗಿದ ಹಾಗೆ.
ದೊಡ್ಡಪ್ಪ ತಲೆಯಾಡಿಸುತ್ತಿದ್ದ. ಚಿಕ್ಕಪ್ಪಂದಿರೂ.
ಅಮ್ಮ “ಹ್ಞೂಂ” ಅನ್ನುತ್ತಿದ್ದಳು.
ಕುಕ್ಕರ್ ಕೂಗಿದರೂ ಅವಳು ಹಾಗೇ ಅನ್ನುವುದು.

ಬೆಳಿಗ್ಗೆ, ಓಟು ಬೀಳುವ ತನಕ ಚಹಾ ಇಲ್ಲ.
ವಯಸ್ಸಿನ ಪ್ರಕಾರ ಸಾಲು, ಒಂಬತ್ತು ಓಟಿನ ಒಂದು ಕಟ್ಟು,
ಪಾಲಿಕೆ ಶಾಲೆ, ಒಂದನೇ ಕ್ಲಾಸಿನ ಗಿಡ್ಡ ಬೆಂಚು,
ಅದರ ಮೇಲೆ ರಟ್ಟು.
ಆಮೇಲೆ ಮೂಲೆಯ ಹೋಟೆಲಿನಲ್ಲಿ ಎಲ್ಲರಿಗೂ ಗೋಳಿಬಜೆ.
ಅಪ್ಪ ಒಬ್ಬೊಬ್ಬರ ಮುಖವನ್ನೂ ಲೆಕ್ಕದ ಪುಸ್ತಕದಂತೆ ಓದುತ್ತಿದ್ದ.
ಅಮ್ಮ ಬಜೆ ಮುರಿದು, ಊದಿ, ಆರಿಸಿ ತಿನ್ನುತ್ತಿದ್ದಳು.

ನಾನು ಬರೆದದ್ದು ಇಷ್ಟೇ:
ಅವಳು ರಟ್ಟಿನ ಹಿಂದೆ ಹೋದಳು.
ಬೇರೆಯವರಿಗಿಂತ ತುಸು ಹೆಚ್ಚು ಹೊತ್ತು ನಿಂತಳು.
ಪೀಂ ಎಂದಿತು.

ಗುಟ್ಟೆಲ್ಲ ರಟ್ಟಾಗುವ ಆ ಚಾಳಿನಲ್ಲಿ
ಗುಟ್ಟು ಕಾದದ್ದು ಅದೊಂದೇ ರಟ್ಟು.

*

ಕರಾರನ್ನು ಅಮ್ಮನಿಗೆ ಓದಿ ಹೇಳಿದೆ.
“ದುಡ್ಡೆಷ್ಟು?” ಅಂದಳು ಮೊದಲು.
ಹೇಳಿದೆ. ಸೋರುವ ಮಾಡನ್ನು ಒಮ್ಮೆ ನೋಡಿದಳು.
“ಅವರು ಕೇಳಿದ್ದಕ್ಕೆ ನಿನಗಿಷ್ಟು ಸಿಟ್ಟು.
ಬರೆಯುವಾಗ ನೀನು ನನ್ನನ್ನು ಕೇಳಿದ್ದೆಯಾ?
ಅದೂ ಆ ದಿನ ನನ್ನದು ಹಸಿರು ಸೀರೆ,
ನೀನು ನೀಲಿ ಉಡಿಸಿದ್ದೀ.”

ಪುಸ್ತಕ ತೆರೆದರೆ ಎರಡನೇ ಪುಟದಲ್ಲೇ
‘ಎಲ್ಲ ಹಕ್ಕುಗಳೂ ಲೇಖಕಿಯವು.’ ಎಲ್ಲ!
ಇರುವೆಯಷ್ಟು ಅಕ್ಷರ, ಎಷ್ಟು ಧೈರ್ಯ ಅದಕ್ಕೆ.

ಅಪ್ಪ ಹೋಗಿ ಹನ್ನೊಂದು ವರ್ಷ.
ಅವನ ಚಿಹ್ನೆಯೂ ಈಗ ಯಂತ್ರದ ಮೇಲಿಲ್ಲ.
ಯಾರಿಗೆ ಹಾಕುತ್ತಿದ್ದೆ, ಈಗಲಾದರೂ ಹೇಳು, ಅಂದೆ.
ಕನ್ನಡಕ ಒರೆಸಿಕೊಂಡು
“ಹ್ಞೂಂ” ಅಂದಳು.

*

ಈ ಸಲ ಅವಳಿಗೆ ಎಂಬತ್ತಾರು.
ಫಾರಂ ಹಿಡಿದು ಬಂದ ಟೀಚರ್ ಮೆಲ್ಲಗೆ ಹೇಳಿದಳು,
“ಆಜಿ, ಪೆಟ್ಟಿಗೆ ಮನೆಗೇ ಬರುತ್ತೆ, ಕೂತಲ್ಲೇ ಹಾಕಬಹುದು.”
“ಬೇಡ ಮಗಾ. ಈ ಖೋಲಿಯಲ್ಲಿ ಮರೆ ಎಲ್ಲಿದೆ?
ಸೀರೆ ಉಡುವುದಕ್ಕೂ ಗಂಡಸರನ್ನು
ಗ್ಯಾಲರಿಗೆ ಅಟ್ಟಿ ಬಾಳಿದವಳು ನಾನು.”

ಮೆಟ್ಟಿಲು ನಲವತ್ತೊಂದು. ನನ್ನ ಭುಜ ಹಿಡಿದು ಇಳಿದಳು.
ಅದೇ ಶಾಲೆ. ಪಟ್ಟಿಯ ಮೇಲೆ ಬೆರಳಿಟ್ಟು ಒಬ್ಬ ಕೂಗಿದ:
ಕಲ್ಯಾಣಿ ಗುರುವ ತಿಂಗಳಾಯ.
ನಡುವೆ ಅಪ್ಪ, ಇನ್ನೂ ಅಲ್ಲೇ.
“ಜೊತೆಗೆ ಮಗಳು ಬರಲಾ, ಆಜಿ?”
ಅವಳು ನನ್ನ ಕೈ ಬಿಡಿಸಿದಳು.

ಹಸಿರು ಸೀರೆ. ರಟ್ಟಿನ ಮೇಲೆ ನರೆತ ತುರುಬಿನ ತುದಿ,
ಬೆಂಚಿನ ಕೆಳಗೆ ಎರಡು ಪಾದ, ಒಂದರ ಚಪ್ಪಲಿ ಸವೆದದ್ದು.
ನಾನು, ಬರೆದವಳು,
ಗೋಡೆಯ ಮೇಲಿನ ಬಾರಾಖಡಿ ಓದುತ್ತ ನಿಂತೆ.
ಹದಿಮೂರನೆಯ ಕಲಮಿಗೆ ನಿನ್ನೆ ಅಡ್ಡಗೀರು ಎಳೆದು ಕಳಿಸಿದ್ದೇನೆ,
ಉತ್ತರ ಬಂದಿಲ್ಲ, ಬರುತ್ತದೋ ಇಲ್ಲವೋ,
ಮಳೆಗೆ ಇನ್ನೊಂದು ತಿಂಗಳು.
ಹಿಂದಿನವರು ಗೊಣಗತೊಡಗಿದರು.
ಅಧಿಕಾರಿ ಗಡಿಯಾರ ನೋಡಿದ, ನನ್ನನ್ನು ನೋಡಿದ.

ಇನ್ನೂ ಪೀಂ ಅನ್ನಲಿಲ್ಲ.