ಬೈಸಿಕೊಂಡ ಕಲ್ಲು

ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆದಿದ್ದೆ,
ಎಡಕ್ಕೆ ಪದ, ಬಲಕ್ಕೆ ಅರ್ಥ.
ಹಾಸನದ ಮೇಡಂ ಬರೆಸಿದ ಪಟ್ಟಿ:
ನಿಲಸುಗಲ್ಲು, ಕಲ್ವೃತ್ತ, ಕಲ್ಗುಪ್ಪೆ, ಕಲ್ಗೋರಿ,
ಕೊನೆಗೆ ಬಟ್ಟಲುಕುಳಿ. ಒಂದೊಂದಕ್ಕೂ ಎರಡು ಅಂಕ.

ಅರಸೀಕೆರೆಯಲ್ಲಿ ಬಸ್ಸು ಬದಲಿಸಿ
ಬೋರೆ ಹತ್ತುವಾಗ ಹನ್ನೊಂದೂವರೆ.
ತಂಗಡಿ ಹೂವು. ಕಾದ ಕಲ್ಲಿನ ವಾಸನೆ.
ದೂರದಲ್ಲಿ ಗೂಡ್ಸು ಗಾಡಿಯೊಂದು
ತನ್ನ ಡಬ್ಬಿ ತಾನೇ ಎಣಿಸಿಕೊಳ್ಳುತ್ತ ಹೋಯಿತು.

ದಾರಿ ತೋರಲು ಬಂದವನು ಗಂಗಾಬೋವಿ.
ತೋರುಬೆರಳು ಅರ್ಧಕ್ಕೇ ನಿಂತಿದೆ,
ಆ ಅರ್ಧದಲ್ಲೇ ಎಲ್ಲ ತೋರಿಸುತ್ತಾನೆ.

ನಿಲಸುಗಲ್ಲಿಗೆ ಟೇಪು ಹಿಡಿದು ಎತ್ತರ ಬರೆದೆ.
‘ಕಮ್ಮಿ ಬರ್ಕೊಂಡೆ ಕಣವ್ವ,
ಇನ್ನೂ ಎರಡು ಮೊಳ ಮಣ್ಣೊಳಗೈತೆ.’
ಹೊಡೆದು ಹಾಕಲೂ ಇಲ್ಲ, ತಿದ್ದಲೂ ಇಲ್ಲ.

ಕಲ್ಗೋರಿ: ನಿಲ್ಲಿಸಿದ ನಾಲ್ಕು ಚಪ್ಪಡಿ,
ಮೇಲೊಂದು ಮುಚ್ಚುಗಲ್ಲು,
ಮೂಡಣ ಮಗ್ಗುಲಲ್ಲಿ ದುಂಡನೆಯ ಕಿಂಡಿ.
ಆತ್ಮ ಬಂದುಹೋಗಲಿಕ್ಕೆ, ಎನ್ನುತ್ತದೆ ಪುಸ್ತಕ.
ಬಗ್ಗಿ ನೋಡಿದರೆ ಆಡಿನ ಹಿಕ್ಕೆ, ಬೀಡಿ ತುಂಡು.
‘ಮೋರೇರ ಮನೆ ಅಂತೀವಿ. ಮೂರು ಗೇಣಿನ ಜನ.
ಬೆಂಕಿಮಳೆ ಬತ್ತದೆ ಅಂತ ಕಲ್ಲು ಹೊದ್ಕೊಂಡ್ರಂತೆ.’
ಮೂರು ಗೇಣಿನವರು ಇಷ್ಟು ಕಲ್ಲು ಎತ್ತಿದರೇ?
‘ನಾನೂ ನಮ್ಮಪ್ಪನ್ನ ಅದೇ ಕೇಳ್ದೆ. ಬೈದ.’

ಆಮೇಲೆ ಮುಚ್ಚುಗಲ್ಲಿನ ಅಂಚು ಸವರಿದ,
ಕಿವಿಯಿಟ್ಟ, ತಟ್ಟಿದ.
‘ಉಳಿ ಏಟಿಲ್ಲ. ಬೆಂಕಿ ಕೊಟ್ಟು ಎಬ್ಬಿಸಿರದು.
ಸೌದೆ ಸಾಲಾಗಿ ಹೊತ್ತಿಸಿ
ಅಂಗುಲ ಅಂಗುಲ ಸರಿಸ್ತಾ ಹೋದ್ರೆ
ಬಂಡೆ ಹಪ್ಪಳದಂಗೆ ಏಳ್ತದೆ.
ಸದ್ದು ಬದಲಾದಾಗ ಬೆಂಕಿ ಎಳೀಬೇಕು.’
ಯಾವ ಸದ್ದು?
ನಾಲಗೆಯಿಂದ ಮಾಡಿ ತೋರಿಸಿದ.
ಟ ಅಲ್ಲ, ಡ ಅಲ್ಲ,
ಎರಡರ ನಡುವೆ ಏನೋ ಬಿಸಿ.
ವರ್ಣಮಾಲೆ ಅಲ್ಲಿಯತನಕ ಹೋಗಿಲ್ಲ.

‘ಈ ಮೂಲೆ ನೋಡು.’
ಅರ್ಧ ಬೆರಳಿನ ತುದಿಯಲ್ಲಿ
ಕಲ್ಲು ಸೊಟ್ಟಗೆ ಸೀಳಿಹೋಗಿತ್ತು.
‘ಅವಸರ ಮಾಡವ್ನೆ. ಹೊಸಬ. ಹುಡುಗ ಇರ್ಬೇಕು.
ಇಂಥದಕ್ಕೆ ನಾವು ಬೈಸ್ಕೊಂಡ ಕಲ್ಲು ಅಂತೀವಿ.’

ಮೂರು ಸಾವಿರ ವರ್ಷ ಅಂತ ಅದುವರೆಗೂ
ನನಗೆ ಅಂಕಿಯಷ್ಟೇ ಗೊತ್ತಿತ್ತು.
ಈಗ ಯಾರೋ ತಲೆ ತಗ್ಗಿಸಿ ನಿಂತಿದ್ದಾನೆ,
ಕೈಯಲ್ಲಿ ಹೊಗೆಯಾಡುವ ಕೊಳ್ಳಿ,
ಹಿಂದಿನಿಂದ ಒಬ್ಬ ದೊಡ್ಡವನ ದನಿ.
ಆದರೂ ಆ ಕಲ್ಲನ್ನೇ ಹೊತ್ತು ತಂದರು,
ಮುರಿದ ಮೂಲೆ ಪಡುವಣಕ್ಕೆ ತಿರುಗಿಸಿ
ಮುಚ್ಚಿದರು, ಯಾರನ್ನೋ.

ಬಟ್ಟಲುಕುಳಿ ಸಿಗಲಿಲ್ಲ.
ಬೋರೆ ಸುತ್ತಿದೆವು, ನೀರು ಮುಗಿಯಿತು.
ಇಳಿಯುವಾಗ, ಕ್ವಾರಿ ಹೊಂಡ ದಾಟಿದ ಮೇಲೆ,
ಅವನೇ ಬಾಯಿಬಿಟ್ಟ:
‘ಆ ಬಂಡೆ ನಾನೇ ಒಡೆದಿದ್ದು. ಜಲ್ಲಿಗೆ.
ಸಾಲಾಗಿ ಗುಳಿ ಇದ್ವು. ಯಾರೋ ನಮ್ಮೋರೇ
ಅರ್ಧ ಕೆಲಸ ಮಾಡಿ ಬಿಟ್ಟೋಗವ್ರೆ ಅನ್ಕೊಂಡೆ.’

ನಾನೇನೂ ಅನ್ನಲಿಲ್ಲ.
ನಾಲ್ಕರ ಬಸ್ಸು ಬರುವವರೆಗೆ
ಮೋರಿಕಟ್ಟೆ ಮೇಲೆ ಇಬ್ಬರೂ ಕೂತೆವು,
ಅವನು ನಡುವೆ ಒಂದಾಳು ಕೂರುವಷ್ಟು
ಜಾಗ ಬಿಟ್ಟು.